ಚಿತ್ತೆ ಮಳೆಯ ಹೊತ್ತಿಗೆ ಚಿತ್ತೆ ಎಲ್ಲಿರುತ್ತದೆ?

ಬಿ.ಎಡ್. ಇಂಟರ್ನ್‌ಶಿಪ್ಪಿಗೆ ನನಗೆ ಸಿಕ್ಕಿದ್ದು ಕಡಬ ತಾಲೂಕಿನ ಒಂದು ಸರಕಾರಿ ಪ್ರೌಢಶಾಲೆ. ಮನೆ ಸುಳ್ಯದ ಕಡೆ, ಕಾಲೇಜು ಪುತ್ತೂರಿನಲ್ಲಿ. ಆ ನಾಲ್ಕು ತಿಂಗಳು ನನ್ನ ಪಾಠಯೋಜನೆಗಳಲ್ಲಿ ಹೆಚ್ಚಿನವು ಈ ಮೂರು ತಾಲೂಕುಗಳ ನಡುವೆ ಓಡುವ ಬಸ್ಸುಗಳಲ್ಲೇ ತಯಾರಾದವು. ಎಂಟನೇ ತರಗತಿಗೆ ನಕ್ಷತ್ರಗಳ ಪಾಠ ಮಾಡುವ ಸರದಿ ಬಂದದ್ದು ದಸರಾ ರಜೆ ಕಳೆದು, ಅಕ್ಟೋಬರ್ ತಿಂಗಳ ಮೂರನೆಯ ವಾರದಲ್ಲಿ. ಘಟ್ಟದ ಬುಡದ ಊರುಗಳಲ್ಲಿ ಆ ಸಮಯದ ಮಧ್ಯಾಹ್ನ ಹೇಗಿರುತ್ತದೆಂದು ಇಲ್ಲಿಯವರಿಗೆ ವಿವರಿಸಬೇಕಾಗಿಲ್ಲ. ಬೆಳಗ್ಗೆ ಚರ್ಮ ಸುಡುವ ಬಿಸಿಲು, ಮೂರು ಗಂಟೆಯಾಗುವಾಗ ಮೂಡು ಕಡೆಯಿಂದ ಮೋಡ, ಗುಡುಗು, ಸಿಡಿಲು, ಕೂಡಲೇ ಕರೆಂಟು ಇಲ್ಲ. ಪ್ರೊಜೆಕ್ಟರಿನಲ್ಲಿ ತೋರಿಸಲೆಂದು ಮಾಡಿಕೊಂಡಿದ್ದ ಚಿತ್ರಗಳು ಪೆನ್‌ಡ್ರೈವಿನಲ್ಲೇ ಉಳಿದವು.

ಕಿಟಕಿಯ ಬದಿಗೆ ಕುಳಿತಿದ್ದ ಹುಡುಗನ ಗಮನ ಪೂರ್ತಿ ಹೊರಗಿತ್ತು. ಏನೆಂದು ಕೇಳಿದೆ. "ಚಿತ್ತೆ ಮಳೆ ಟೀಚರ್. ಅಂಗಳದಲ್ಲಿ ಅಡಿಕೆ ಉಂಟು. ಅಮ್ಮ ಒಬ್ಬರೇ ಟರ್ಪಾಲು ಹಾಕ್ಬೇಕು" ಎಂದ. ಚಿತ್ತೆ ಅಂದರೆ ಏನು ಎಂದು ತರಗತಿಗೇ ಕೇಳಿದೆ. ಮಳೆಯ ಹೆಸರು ಎಂದರು ಕೆಲವರು. ನಕ್ಷತ್ರದ ಹೆಸರು, ಅಜ್ಜ ಪಂಚಾಂಗ ನೋಡಿ ಹೇಳುತ್ತಾರೆ ಎಂದಳು ಒಬ್ಬಳು. ಆಗ ಕಿಟಕಿಯ ಹುಡುಗ ಸರಿಯಾಗಿ ನನ್ನ ಕಡೆ ತಿರುಗಿ ಕೇಳಿದ: "ನಕ್ಷತ್ರ ಆದ್ರೆ, ಈಗ ಅದು ಎಲ್ಲಿ ಉಂಟು?"

ಪಾಠಯೋಜನೆಯಲ್ಲಿ ನಾನು ಬರೆದುಕೊಂಡಿದ್ದ ಯಾವ ಪ್ರೇರಣಾ ಪ್ರಶ್ನೆಯೂ ಇದರ ಹತ್ತಿರಕ್ಕೆ ಬರುವಂತಿರಲಿಲ್ಲ. ನಾಳೆ ಮೈದಾನದಲ್ಲಿ ನೋಡುವ ಎಂದೆ. ಅವರು ಮನೆಯಲ್ಲಿ ಪಂಚಾಂಗವೋ ಗೋಡೆಯ ಕ್ಯಾಲೆಂಡರೋ ಇದ್ದರೆ ಇಪ್ಪತ್ತೇಳು ನಕ್ಷತ್ರಗಳ ಹೆಸರು ಬರೆದುಕೊಂಡು ಬರಬೇಕು, ಅದು ಮನೆಗೆಲಸ.

ಮರುದಿನ ಬೆಳಗ್ಗಿನ ಅವಧಿ ಕೇಳಿಕೊಂಡೆ; ಮಧ್ಯಾಹ್ನವನ್ನು ನಂಬುವ ಹಾಗಿರಲಿಲ್ಲ. ತರಗತಿಯಲ್ಲಿ ಇದ್ದದ್ದು 31 ಮಕ್ಕಳು. 27 ಮಂದಿ ಒಂದೊಂದು ನಕ್ಷತ್ರದ ಹೆಸರು ಬರೆದ ರಟ್ಟು ಹಿಡಿದು ಮೈದಾನದ ಸುತ್ತ ವೃತ್ತವಾಗಿ ನಿಂತರು. ನಡುವೆ ಸೂರ್ಯನಾಗಿ ಒಬ್ಬ, ಅವನ ಸುತ್ತ ನಡೆಯುವ ಭೂಮಿಯಾಗಿ ಒಬ್ಬಳು, ಚಂದ್ರನಾಗಿ ಒಬ್ಬ; ಉಳಿದವಳು ಬರೆದುಕೊಳ್ಳುವವಳು. ಭೂಮಿ ನಡೆಯುತ್ತ ಬಂದು, ಸೂರ್ಯನ ತಲೆಯ ಹಿಂದೆ ಚಿತ್ತೆಯ ರಟ್ಟು ಕಾಣುವ ಜಾಗದಲ್ಲಿ ನಿಂತಳು. ಈಗ ಅಕ್ಟೋಬರ್. ಸೂರ್ಯ ಚಿತ್ತೆಯ ಭಾಗದಲ್ಲಿರುವ ಈ ಹದಿಮೂರು ಹದಿನಾಲ್ಕು ದಿನಗಳಿಗೇ ಪಂಚಾಂಗದಲ್ಲಿ ಚಿತ್ತಾ ಮಹಾನಕ್ಷತ್ರ ಎನ್ನುವುದು, ಆ ದಿನಗಳಲ್ಲಿ ಬಿದ್ದದ್ದೇ ಚಿತ್ತೆ ಮಳೆ. "ನಿನಗೆ ಚಿತ್ತೆ ಕಾಣುತ್ತದಾ?" ಎಂದು ಭೂಮಿಯನ್ನು ಕೇಳಿದೆ. "ಸೂರ್ಯ ಅಡ್ಡ ಬರ್ತಾನೆ ಟೀಚರ್." ರಾತ್ರಿ ಯಾವುದು ಕಾಣುತ್ತದೆ? ಅವಳು ಬೆನ್ನು ತಿರುಗಿಸಿದಳು. ಎದುರಿಗೆ ರೇವತಿ, ಅಶ್ವಿನಿ.

ಹೀಗೆ ಹುಡುಗನ ಪ್ರಶ್ನೆಗೆ ಉತ್ತರ ಸಿಕ್ಕಿತು. ಚಿತ್ತೆ ಮಳೆ ಬರುವಾಗ ಚಿತ್ತೆ ಇರುವುದು ಹಗಲಿನ ಆಕಾಶದಲ್ಲಿ, ಸೂರ್ಯನ ಬಳಿ. ಯಾವ ಮಳೆನಕ್ಷತ್ರವೂ ಅದರ ಮಳೆಯ ನಟ್ಟನಡುವಿನಲ್ಲಿ ರಾತ್ರಿ ನೋಡಲು ಸುಲಭಕ್ಕೆ ಸಿಗುವುದಿಲ್ಲ. ಅಕ್ಟೋಬರ್ 17ರ ಸುಮಾರಿಗೆ ತುಲಾ ಸಂಕ್ರಮಣ. ಸುಳ್ಯದ ಕಡೆಯಿಂದ ಎಷ್ಟೋ ಮನೆಯವರು ತಲಕಾವೇರಿಗೆ ತೀರ್ಥೋದ್ಭವಕ್ಕೆ ಹೋಗುವ ದಿನ ಅದು. ಸೂರ್ಯ ಚಿತ್ತೆಗೆ ಅತ್ಯಂತ ಹತ್ತಿರ ಇರುವುದೂ ಅದೇ ದಿನದ ಆಸುಪಾಸಿನಲ್ಲಿ.

ಚಂದ್ರನಾದ ಹುಡುಗನಿಗೆ ಮೊದಲು ಕೆಲಸವಿರಲಿಲ್ಲ. ಅವನನ್ನು ಭೂಮಿಯ ಬೆನ್ನ ಕಡೆ ನಿಲ್ಲಿಸಿದಾಗ ಹುಣ್ಣಿಮೆಯಾಯಿತು, ಹುಣ್ಣಿಮೆಯ ಚಂದ್ರನ ಹಿಂದೆ ಅಶ್ವಿನಿ. "ಆಶ್ವಯುಜ!" ಎಂದು ಯಾರೋ ಕೂಗಿದರು. ಆಮೇಲೆ ನಾನು ಹೇಳಿಕೊಡಬೇಕಾಗಲಿಲ್ಲ. ಕೃತ್ತಿಕೆಯ ಎದುರು ಕಾರ್ತಿಕ, ಮೃಗಶಿರೆಯ ಎದುರು ಮಾರ್ಗಶಿರ, ಪುಷ್ಯ, ಮಘೆ ಎಂದು ಭೂಮಿ ಓಡಿ ಓಡಿ ಸುಸ್ತಾದಳು. ಅರ್ಧ ಸುತ್ತು ಮುಗಿಯುವಾಗ ಹುಣ್ಣಿಮೆ ಚಿತ್ತೆಯ ಬಳಿ ಬಂತು: ಚೈತ್ರ. ತುಳು ಮಾತಾಡುವ ಮನೆಯ ಮಕ್ಕಳು ನಮ್ಮದರಲ್ಲಿ ಹಾಗಿಲ್ಲ, ನಮ್ಮದು ಪಗ್ಗು, ಬೇಶ ಎಂದರು. ಆಗ ಬರೆದುಕೊಳ್ಳುತ್ತಿದ್ದ ಹುಡುಗಿ, ಅಷ್ಟು ದಿನ ಹಾಜರಿ ಕರೆಯುವಾಗ ಬಿಟ್ಟರೆ ಬೇರೆ ಮಾತಾಡಿರದವಳು, ತಲೆ ಎತ್ತದೆಯೇ ಹೇಳಿದಳು: "ನಮ್ಮಲ್ಲಿ ಚಿತ್ತಿರೈ ಅಂತಾರೆ. ಬಿಸುವಿನ ದಿನವೇ ಒಂದನೇ ತಾರೀಕು."

ಅವಳ ಮನೆ ರಬ್ಬರ್ ತೋಟದ ವಸತಿಯಲ್ಲಿ. 1964ರ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳಿಗೆ ಪುತ್ತೂರು, ಸುಳ್ಯ ಭಾಗದ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ಕೆಲಸ ಕೊಟ್ಟು ನೆಲೆಗೊಳಿಸಿದ ಕತೆ ಈ ಭಾಗದವರಿಗೆ ಗೊತ್ತು. ನಮ್ಮ ತರಗತಿಗಳಲ್ಲಿ ಮನೆಭಾಷೆ ತುಳು, ಅರೆಭಾಷೆ, ಹವ್ಯಕ, ಬ್ಯಾರಿ, ಮಲಯಾಳ, ತಮಿಳು ಹೀಗೆ ಬೆಂಚಿಗೊಂದು. ಇದನ್ನು ತರಗತಿಯ ತೊಡಕು ಎಂದೇ ವರದಿಗಳಲ್ಲಿ ಬರೆಯುವ ರೂಢಿಯಿದೆ. ಆ ದಿನ ಒಂದೇ ನಕ್ಷತ್ರದ ಹೆಸರು ಮೂರು ಕಡೆಯಿಂದ ತರಗತಿಗೆ ಬಂತು: ಮಳೆಯಾಗಿ, ಚೈತ್ರವಾಗಿ, ಚಿತ್ತಿರೈ ಆಗಿ.

ಪಾಠ ವೀಕ್ಷಣೆಗೆ ಬಂದಿದ್ದ ನಮ್ಮ ಕಾಲೇಜಿನ ಮೇಡಂ ಎಲ್ಲವನ್ನೂ ನೋಡಿ, ವೀಕ್ಷಣಾ ಪುಸ್ತಕದಲ್ಲಿ ಒಳ್ಳೆಯದನ್ನೇ ಬರೆದು, ಹೊರಡುವ ಮೊದಲು ಒಂದು ಮಾತು ಕೇಳಿದರು. "ಪಂಚಾಂಗ ತರಗತಿಯೊಳಗೆ ಬಂದರೆ ಅದರ ಹಿಂದೆಯೇ ಜಾತಕವೂ ಬರುತ್ತದಲ್ಲ. ಅದಕ್ಕೆ ಎಂತ ಮಾಡುತ್ತೀರಿ?" ಅವರು ಕೇಳಿದ್ದು ಸರಿಯೇ. ಎರಡೇ ದಿನದಲ್ಲಿ ಅದು ಬಂತು. ಚಿತ್ತೆಯಲ್ಲಿ ಹುಟ್ಟಿದವರಿಗೆ ಕೋಪ ಜಾಸ್ತಿಯಂತೆ, ಹೌದಾ ಟೀಚರ್ ಎಂದು ಒಬ್ಬ ಕೇಳಿದ. ಕೇಳುವಾಗ ಪಕ್ಕದವನ ಕಡೆ ಬೆರಳು ತೋರಿಸಿದ. ಎಲ್ಲರೂ ನಕ್ಕರು, ಪಕ್ಕದವನಿಗೆ ನಿಜವಾಗಿಯೂ ಕೋಪ ಬಂತು.

ಮೂಢನಂಬಿಕೆ ಎಂದು ಒಂದೇ ಮಾತಿನಲ್ಲಿ ಮುಗಿಸಿದರೆ ಆ ಮಾತು ನೇರ ಮನೆಗೆ ಹೋಗುತ್ತದೆ, ಅಜ್ಜನ ಮುಂದೆ ನಿಲ್ಲುತ್ತದೆ. ಅಜ್ಜ ಹೇಳುವುದರಲ್ಲಿ ಅರ್ಧದಷ್ಟು ಆಕಾಶ ನೋಡಿ ಕಟ್ಟಿದ ಲೆಕ್ಕ. ಅದನ್ನೂ ಸೇರಿಸಿ ಎಸೆದ ಹಾಗಾಗುತ್ತದೆ. ಸುಮ್ಮನಿದ್ದರೆ ವಿಜ್ಞಾನದ ಟೀಚರೂ ಒಪ್ಪಿದರು ಎಂದಾಗುತ್ತದೆ. ಹಾಗಾಗಿ ನೋಟ್ ಪುಸ್ತಕದಲ್ಲಿ ಚಿತ್ತೆಗೆಂದೇ ಒಂದು ಪುಟ ತೆಗೆಸಿ ಮೂರು ಅಂಕಣ ಹಾಕಿಸಿದೆ: ಕಂಡದ್ದು, ಅಳೆದದ್ದು, ಕೇಳಿದ್ದು. ನಮ್ಮ ಕಣ್ಣಿಗೆ ಬಿದ್ದದ್ದು ಮೊದಲನೆಯದರಲ್ಲಿ. ಯಾರಾದರೂ ಉಪಕರಣದಿಂದ ಅಳೆದು, ಬೇರೆಯವರು ಮತ್ತೆ ಅಳೆದು ನೋಡಬಹುದಾದದ್ದು ಎರಡನೆಯದರಲ್ಲಿ. ಬರೇ ಹೇಳಿಕೆಯಾಗಿ ಬಂದದ್ದು ಮೂರನೆಯದರಲ್ಲಿ. ಕೋಪದ ಮಾತು ಮೂರನೆಯದಕ್ಕೆ ಹೋಯಿತು. ಅದನ್ನು ಎರಡನೆಯದಕ್ಕೆ ತರಬೇಕಾದರೆ ಏನು ಮಾಡಬೇಕು ಎಂದು ಕೇಳಿದೆ. ಶಾಲೆಯ ಎಲ್ಲರ ನಕ್ಷತ್ರ ಬರೆದು, ಯಾರು ಎಷ್ಟು ಸಲ ಜಗಳ ಮಾಡಿದರೆಂದು ಲೆಕ್ಕ ಇಡಬೇಕು ಎಂದರು. ಲೆಕ್ಕ ಇಡುವವರಿಗೆ ಯಾರ ನಕ್ಷತ್ರ ಯಾವುದೆಂದು ಗೊತ್ತಿರಬಾರದು ಎಂದ ಪೆಟ್ಟು ತಿನ್ನುವುದರಲ್ಲಿದ್ದ ಪಕ್ಕದವನು. ಆ ವಯಸ್ಸಿಗೆ ಇದು ದೊಡ್ಡ ಮಾತು ಎಂದೇ ನನ್ನ ಎಣಿಕೆ.

ಕಂಡದ್ದು ಎಂಬ ಅಂಕಣ ಮಾತ್ರ ಖಾಲಿ ಇತ್ತು. ಚಿತ್ತೆಯನ್ನು ನಮ್ಮಲ್ಲಿ ಯಾರೂ ನೋಡಿರಲಿಲ್ಲ. ನವೆಂಬರ್ ಬಂದರೆ ಸೂರ್ಯ ಅದನ್ನು ದಾಟಿ ಮುಂದೆ ಹೋಗಿರುತ್ತಾನೆ, ಆಗ ಬೆಳಗಾಗುವ ಮೊದಲು ಅದು ಮೂಡಣದಲ್ಲಿ ಕಾಣಬೇಕು. ಆದರೆ ನಮ್ಮ ಊರುಗಳಲ್ಲಿ ಮೂಡು ಎಂದರೆ ಘಟ್ಟ. ಕರಾವಳಿಯವರಿಗೆ ಪಡುವಣದಲ್ಲಿ ಸಮುದ್ರದ ಅಂಚು ಸಿಗುತ್ತದೆ; ಸುಳ್ಯ, ಕಡಬದವರಿಗೆ ಮೂಡಣದಲ್ಲಿ ಗುಡ್ಡದ ಬೆನ್ನು, ಅದರ ಮುಂದೆ ಅಡಿಕೆ ಸೋಗೆ, ತೆಂಗಿನ ತಲೆ, ಮಂಜು. ಇದರ ಮೇಲೆ ಬೆಳಗ್ಗೆ ಐದು ಗಂಟೆಗೆ ಎದ್ದು ಆಕಾಶ ನೋಡುವ ಎಂಟನೇ ತರಗತಿಯವರು ಎಷ್ಟು ಮಂದಿ?

ಒಬ್ಬಳು ಇದ್ದಳು. ರಬ್ಬರ್ ಹಾಲು ತೆಗೆಯುವವರು ಬೆಳಕು ಹರಿಯುವ ಮೊದಲೇ ತಲೆಗೆ ಟಾರ್ಚ್ ಕಟ್ಟಿಕೊಂಡು ತೋಟಕ್ಕೆ ಇಳಿಯುತ್ತಾರೆ. ಅವಳ ಅಮ್ಮ ಎದ್ದಾಗ ಅವಳೂ ಎದ್ದು ಚಹಾ ಕಾಯಿಸುತ್ತಾಳೆ. ವಸತಿಯ ಎದುರು ಮರು ನೆಡುವಿಕೆಗೆಂದು ಮರ ಕಡಿದ ಗುಡ್ಡ, ಹಾಗಾಗಿ ಮೂಡು ದಿಕ್ಕು ಬಯಲು. ಅವಳಿಗೆ ನಾನು ಎರಡೇ ಗುರುತು ಹೇಳಿ ಕೊಟ್ಟಿದ್ದೆ. ಬಡಗು ಕಡೆ ಸಪ್ತರ್ಷಿಯ ಬಾಲ ಬಾಗಿರುವ ಬಿಲ್ಲನ್ನು ಹಾಗೆಯೇ ಮುಂದಕ್ಕೆ ಎಳೆದರೆ ಕಿತ್ತಳೆ ಬಣ್ಣದ ಸ್ವಾತಿ ಸಿಗುತ್ತದೆ, ಅದೇ ಬಾಗಿನಲ್ಲಿ ಇನ್ನೂ ಮುಂದೆ ಹೋದರೆ ನೀಲಿ ಬಿಳುಪಿನ ಚಿತ್ತೆ. ಮಳೆಯ ಲೆಕ್ಕದಲ್ಲೂ ಚಿತ್ತೆಯ ನಂತರ ಸ್ವಾತಿಯೇ.

ಅವಳ ಪುಸ್ತಕದಲ್ಲಿ ಕಂಡದ್ದು ಎಂಬಲ್ಲಿ ಮೊದಲ ಸಾಲು ನವೆಂಬರ್ 10ರದ್ದು: ಗುಡ್ಡದ ಮೇಲೆ ಬಂದದ್ದು 5 ಗಂಟೆ 26 ನಿಮಿಷಕ್ಕೆ. 15ಕ್ಕೆ 5 ಗಂಟೆ 5 ನಿಮಿಷ. 20ಕ್ಕೆ 4 ಗಂಟೆ 47. ನಡುವೆ ಮೋಡವಿದ್ದ ದಿನಗಳಲ್ಲಿ ಅಡ್ಡಗೆರೆ. ಕರಿಹಲಗೆಯ ಮೇಲೆ ಈ ಸಮಯಗಳನ್ನು ಅವಳ ಕೈಯಲ್ಲೇ ಬರೆಸಿದೆ. ದಿನಕ್ಕೆ ಸುಮಾರು ನಾಲ್ಕು ನಿಮಿಷ ಬೇಗ ಬರುತ್ತದೆ ಎಂದು ಹೇಳಿದ್ದು ಕಿಟಕಿಯ ಹುಡುಗ. ಇದು ಹೀಗೇ ಹೋದರೆ ತಿಂಗಳಿಗೆ ಎರಡು ಗಂಟೆ, ಅವಳು ಡಿಸೆಂಬರಿನಲ್ಲಿ ಮೂರು ಗಂಟೆಗೆ ಏಳಬೇಕಾಗುತ್ತದೆ. ಆದ್ದರಿಂದ ಕ್ರಮ ಬದಲಾಯಿಸಿದೆವು: ದಿನವೂ ಸರಿಯಾಗಿ ಐದೂವರೆಗೆ ನೋಡುವುದು, ಕೈ ನೀಟಾಗಿ ಚಾಚಿ ಮುಷ್ಟಿ ಹಿಡಿದು ಅಳೆಯುವುದು. ಚಾಚಿದ ಕೈಯ ಮುಷ್ಟಿ ಸುಮಾರು ಹತ್ತು ಡಿಗ್ರಿ. ಇದು ಮಗುವಿಗೂ ದೊಡ್ಡವರಿಗೂ ಹೆಚ್ಚು ಕಡಿಮೆ ಒಂದೇ, ಏಕೆಂದರೆ ಮುಷ್ಟಿ ಸಣ್ಣದಾದರೆ ಕೈಯೂ ಗಿಡ್ಡ. ನವೆಂಬರ್ ನಡುವಿನಲ್ಲಿ ಒಂದೂವರೆ ಮುಷ್ಟಿ ಇದ್ದದ್ದು ಡಿಸೆಂಬರ್ ನಡುವಿಗೆ ನಾಲ್ಕು ಮುಷ್ಟಿ ದಾಟಿತು. ಹತ್ತು ದಿನಕ್ಕೆ ಒಂದು ಮುಷ್ಟಿ ಎಂಬ ಸೂತ್ರ ತರಗತಿಯಲ್ಲಿ ಹುಟ್ಟಿತು. ಅಷ್ಟರಲ್ಲಿ ಇನ್ನೂ ಆರೇಳು ಮಂದಿ ಬೆಳಗ್ಗೆ ಏಳತೊಡಗಿದ್ದರು. ಅವರು ಬರೆದು ತಂದದ್ದು ಸರಿಯೋ ತಪ್ಪೋ ಎಂದು ಅವಳನ್ನು ಕೇಳುತ್ತಿದ್ದರು, ನನ್ನನ್ನಲ್ಲ. ಪಂಚಾಂಗದ ನಿತ್ಯನಕ್ಷತ್ರ ಚಿತ್ತಾ ಎಂದಿದ್ದ ಬೆಳಗ್ಗೆ ತೆಳ್ಳನೆಯ ಚಂದ್ರ ಅದರ ಪಕ್ಕದಲ್ಲೇ ಇದ್ದದ್ದನ್ನು ಅವರೇ ಕಂಡುಬಂದು ಹೇಳಿದರು.

ಇದನ್ನೆಲ್ಲ ಮಂಗಳೂರಿನ ಪಿಲಿಕುಳದ ತಾರಾಲಯದಲ್ಲಿ ಅರ್ಧ ಗಂಟೆಯಲ್ಲಿ ತೋರಿಸುತ್ತಾರಲ್ಲ ಎಂದು ನನ್ನ ಸಹಪಾಠಿಯೊಬ್ಬಳು ಹೇಳಿದಳು. ತೋರಿಸುತ್ತಾರೆ, ಚೆನ್ನಾಗಿಯೂ ತೋರಿಸುತ್ತಾರೆ. ಅವಕಾಶವಿದ್ದರೆ ಕರೆದುಕೊಂಡು ಹೋಗಬೇಕು. ಆದರೆ ಅಲ್ಲಿ ಆಕಾಶ ಓಡುತ್ತದೆ, ಇಲ್ಲಿ ಹತ್ತು ದಿನ ಕಾದರೆ ಒಂದು ಮುಷ್ಟಿ. ಕಾದದ್ದರಿಂದಲೇ ಆ ಸೂತ್ರ ಅವರದ್ದಾಯಿತು.

ಎರಡನೆಯ ಅಂಕಣ ತುಂಬಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ಚಿತ್ತೆಯನ್ನು ಜಗತ್ತು ಸ್ಪೈಕಾ ಎಂದು ಕರೆಯುತ್ತದೆ. ಇಡೀ ಆಕಾಶದ ಅತಿ ಪ್ರಕಾಶದ ಇಪ್ಪತ್ತು ನಕ್ಷತ್ರಗಳಲ್ಲಿ ಒಂದು. ಕಣ್ಣಿಗೆ ಒಂದೇ ಚುಕ್ಕಿ, ಆದರೆ ಅಲ್ಲಿ ಎರಡು ನಕ್ಷತ್ರಗಳಿವೆ. ದೊಡ್ಡದರ ದ್ರವ್ಯರಾಶಿ ಸೂರ್ಯನ ಸುಮಾರು 11 ಪಟ್ಟು, ಸಣ್ಣದರದ್ದು 7 ಪಟ್ಟು. ಅವುಗಳ ನಡುವಿನ ದೂರ ಎರಡು ಕೋಟಿ ಕಿಲೋಮೀಟರಿಗಿಂತ ತುಸು ಕಡಿಮೆ. ನಮಗೂ ಸೂರ್ಯನಿಗೂ ಇರುವುದು ಹದಿನೈದು ಕೋಟಿ. ಅಷ್ಟು ಹತ್ತಿರ ಇದ್ದುಕೊಂಡು ನಾಲ್ಕೇ ದಿನಕ್ಕೊಮ್ಮೆ ಪರಸ್ಪರ ಸುತ್ತು ಬರುತ್ತವೆ. 1890ರಲ್ಲಿ ಜರ್ಮನಿಯ ಹರ್ಮನ್ ಕಾರ್ಲ್ ಫೋಗೆಲ್ ಅದರ ಬೆಳಕನ್ನು ಬಣ್ಣಗಳಾಗಿ ಒಡೆದು, ಗೆರೆಗಳು ಅತ್ತ ಇತ್ತ ಸರಿಯುವುದನ್ನು ನೋಡಿ ಇದನ್ನು ಕಂಡುಹಿಡಿದರು. ದೊಡ್ಡ ನಕ್ಷತ್ರದ ಮೇಲ್ಮೈ ಬಿಸಿ ಸುಮಾರು 25,000 ಕೆಲ್ವಿನ್. ಸೂರ್ಯನದ್ದು 5,800ರ ಹತ್ತಿರ. ಕಿತ್ತಳೆಯಾಗಿ ಕಾಣುವ ಸ್ವಾತಿಯದ್ದು ಅದಕ್ಕಿಂತಲೂ ಕಡಿಮೆ, 4,300 ಚಿಲ್ಲರೆ.

ಬಣ್ಣಕ್ಕೂ ಬಿಸಿಗೂ ಏನು ಸಂಬಂಧ ಎನ್ನಲು ಕತ್ತಿ ಕಾಸುವ ಕಮ್ಮಾರ ಸಾಲೆಯನ್ನು ನೆನಪಿಸಿದೆ. ಕಬ್ಬಿಣ ಮೊದಲು ಕೆಂಪಾಗುತ್ತದೆ, ಮತ್ತೆ ಕಿತ್ತಳೆ, ಮತ್ತೆ ಹಳದಿ. ಇನ್ನೂ ಕಾಸಿದರೆ? "ಕರಗಿ ಹೋಗ್ತದೆ ಟೀಚರ್." ಹೌದು. ನಕ್ಷತ್ರ ಮೊದಲೇ ಅನಿಲ, ಅದಕ್ಕೆ ಕರಗುವ ಭಯ ಇಲ್ಲ, ಹಾಗಾಗಿ ಬಿಳಿಯನ್ನೂ ದಾಟಿ ನೀಲಿಯವರೆಗೆ ಹೋಗುತ್ತದೆ. ಇಲ್ಲಿ ಸಹಪ್ರಶಿಕ್ಷಣಾರ್ಥಿಗಳಿಗೆ ಒಂದು ಮಾತು. ಗ್ಯಾಸ್ ಒಲೆಯ ನೀಲಿ ಜ್ವಾಲೆಯನ್ನು ಈ ಪಾಠಕ್ಕೆ ಉದಾಹರಣೆಯಾಗಿ ತರುವುದು ಬೇಡ. ಅದರ ನೀಲಿ ಬರುವುದು ಉರಿಯುವ ಅನಿಲದ ಅಣುಗಳಿಂದ, ಕಾದ ವಸ್ತು ಹೊಳೆಯುವ ಕ್ರಮದಿಂದಲ್ಲ. ಕೈಪಿಡಿಗಳಲ್ಲಿ ಇದ್ದರೂ ಬಿಡುವುದು ಒಳ್ಳೆಯದು.

ಇಷ್ಟು ದೂರದ ಬಿಸಿಯನ್ನು ಯಾರು ಹೋಗಿ ಅಳೆದರು ಎಂಬ ಪ್ರಶ್ನೆ ಬಾರದೆ ಇರುವುದಿಲ್ಲ. ಆಗ ಮೇಘನಾದ ಸಾಹಾ ಅವರ ಹೆಸರು ಹೇಳಿದೆ. ಢಾಕಾ ಸಮೀಪದ ಹಳ್ಳಿಯೊಂದರ ಸಣ್ಣ ಅಂಗಡಿಯವರ ಮಗ. ಎಷ್ಟು ಬಿಸಿಯಲ್ಲಿ ಯಾವ ಪರಮಾಣು ಎಷ್ಟರ ಮಟ್ಟಿಗೆ ತನ್ನ ಇಲೆಕ್ಟ್ರಾನನ್ನು ಕಳೆದುಕೊಳ್ಳುತ್ತದೆ ಎಂಬುದರ ಸಮೀಕರಣವನ್ನು ಅವರು ಕೊಟ್ಟದ್ದು 1920ರಲ್ಲಿ. ಆ ಮೇಲೆ ನಕ್ಷತ್ರದ ಬೆಳಕಿನ ಗೆರೆಗಳನ್ನು ನೋಡಿ ಅದರ ಬಿಸಿಯನ್ನು ಲೆಕ್ಕ ಹಾಕಲು ಸಾಧ್ಯವಾಯಿತು. ಇದೇ ಸಾಹಾ ಅವರು 1952ರಲ್ಲಿ ನೇಮಕವಾದ ಪಂಚಾಂಗ ಸುಧಾರಣಾ ಸಮಿತಿಗೆ ಅಧ್ಯಕ್ಷರಾದರು. 1955ರ ಆ ಸಮಿತಿಯ ವರದಿಯಂತೆ ನಿರಯನ ರಾಶಿಚಕ್ರದ ಲೆಕ್ಕ ನಿಂತಿರುವುದು ಚಿತ್ತೆಯ ಮೇಲೆ: ಚಿತ್ತೆಗೆ ಸರೀ ಎದುರಿರುವ ಬಿಂದುವೇ ಮೇಷದ ಆರಂಭ. ನಕ್ಷತ್ರದ ಬಿಸಿ ಓದಲು ಕಲಿಸಿದವರೂ ಪಂಚಾಂಗ ತಿದ್ದಲು ಕುಳಿತವರೂ ಒಬ್ಬರೇ. ಮೇಡಂ ಕೇಳಿದ ಪ್ರಶ್ನೆಗೆ ಪಾಠಯೋಜನೆಯ ಭಾಷೆಯಲ್ಲಿ ಉತ್ತರಿಸುವುದಕ್ಕಿಂತ ಈ ಒಂದು ಸಂಗತಿ ಬರೆದು ಒಪ್ಪಿಸಿದೆ.

ಇನ್ನು ಚಿತ್ತೆಯ ಬೆಳಕು ಏರಿಳಿಯುವ ವಿಚಾರ. ಪಾಠದ ಈ ಭಾಗ ಅತ್ಯಂತ ಕಷ್ಟದ್ದು, ಏಕೆಂದರೆ ಅದು ಕಣ್ಣಿಗೆ ಕಾಣುವುದಿಲ್ಲ. ಮಕ್ಕಳು ಕಂಡಿದ್ದೇವೆ, ಮಿನುಗುತ್ತದೆ ಎಂದರು. ಮಿನುಗುವುದು ನಮ್ಮ ಗಾಳಿಯಿಂದ. ಗುಡ್ಡದ ಬಳಿ ಇರುವಾಗ ಹೆಚ್ಚು, ಮೇಲೆ ಬಂದಂತೆ ಕಡಿಮೆ ಎಂದು ಅವರೇ ನೋಡಿ ಒಪ್ಪಿಕೊಂಡರು. ನಿಜವಾದ ಏರಿಳಿತ ಕೆಲವೇ ಶೇಕಡದಷ್ಟು. ಅದಕ್ಕೆ ಪಾಠೋಪಕರಣವಾಗಿ ಎರಡು ಸಿಪ್ಪೆಗೋಟು ಸಾಕಾಯಿತು. ಅಷ್ಟು ಹತ್ತಿರವಿರುವ ನಕ್ಷತ್ರಗಳು ಒಂದನ್ನೊಂದು ಸೆಳೆದು ದುಂಡಗೆ ಉಳಿಯುವುದಿಲ್ಲ, ಒಂದರ ಕಡೆಗೆ ಇನ್ನೊಂದು ಮೂತಿ ಚಾಚಿ ಉದ್ದವಾಗುತ್ತವೆ. ಕಡ್ಡಿಯ ಎರಡು ತುದಿಗೆ ಎರಡು ಗೋಟು ಚುಚ್ಚಿ ಮೆಲ್ಲಗೆ ತಿರುಗಿಸಿದರೆ, ಬದಿಯಿಂದ ಕಾಣುವಾಗ ಅಗಲ, ಮೂತಿಯ ಕಡೆಯಿಂದ ಕಾಣುವಾಗ ಸಣ್ಣ ಬಿಲ್ಲೆ. ಹೆಚ್ಚು ಮೇಲ್ಮೈ ಕಂಡಾಗ ಹೆಚ್ಚು ಬೆಳಕು. ಒಂದು ಸುತ್ತಿಗೆ ಎರಡು ಸಲ ಏರಿ ಎರಡು ಸಲ ಇಳಿಯುತ್ತದೆ. ಇಷ್ಟು ಅವರಿಗೆ ಸಲೀಸಾಗಿ ಹೋಯಿತು.

ಮತ್ತೊಂದು ಏರಿಳಿತ ಇತ್ತು. ದೊಡ್ಡ ನಕ್ಷತ್ರ ತಾನೇ ನಾಲ್ಕು ಗಂಟೆ ಹತ್ತು ನಿಮಿಷಕ್ಕೊಮ್ಮೆ ಹಿಗ್ಗಿ ಕುಗ್ಗುತ್ತಿತ್ತು, ಉಸಿರಾಡಿದ ಹಾಗೆ. ಇದನ್ನು 1960ರ ದಶಕದ ಕೊನೆಯಲ್ಲಿ ಅಳೆದರು. 1970ರ ದಶಕದ ಮೊದಲ ವರ್ಷಗಳಲ್ಲಿ ಅದು ಕ್ಷೀಣಿಸುತ್ತ ಹೋಗಿ, ಬೆಳಕಿನಲ್ಲಿ ಗುರುತಿಗೆ ಸಿಗದಷ್ಟಾಯಿತು. ನಕ್ಷತ್ರದ ಅಕ್ಷ ಬುಗುರಿಯ ಹಾಗೆ ಓಲಾಡುವುದರಿಂದ ಆ ಮಿಡಿತ ನಮ್ಮ ಕಡೆಗೆ ಕಾಣದಂತಾಗಿರಬಹುದು ಎಂದು ಒಂದು ವಿವರಣೆ. ತರಗತಿ ಸ್ವಲ್ಪ ಹೊತ್ತು ಸುಮ್ಮನಿತ್ತು. "ನಿಂತೇ ಹೋಯ್ತಾ?" ಎಂದಳು ಭೂಮಿಯಾಗಿದ್ದವಳು. ಇದನ್ನು ಯಾವ ಅಂಕಣದಲ್ಲಿ ಬರೆಯುವುದು ಎಂಬ ಚರ್ಚೆ ನಡೆಯಿತು. ಅಳೆದದ್ದು ಎಂಬಲ್ಲಿಯೇ ಬರೆದರು, ಪಕ್ಕದಲ್ಲಿ ವರ್ಷ ಹಾಕಿದರು. ಅಳೆದದ್ದಕ್ಕೂ ತಾರೀಕು ಬೇಕಾಗುತ್ತದೆಂದು ಆ ಪುಟದಲ್ಲಿ ಮೊದಲ ಬಾರಿ ಕಾಣಿಸಿತು. ಪಠ್ಯಪುಸ್ತಕದ ನಕ್ಷತ್ರಗಳಿಗೆ ತಾರೀಕು ಇರುವುದಿಲ್ಲ, ಅವು ಎಂದೆಂದಿಗೂ ಹಾಗೆಯೇ ಇರುವವುಗಳಂತೆ ಕಾಣುತ್ತವೆ.

ದೂರವನ್ನು ಹೇಳುವಾಗ ಸೊನ್ನೆಗಳನ್ನು ಬರೆಯುತ್ತ ಹೋಗಲಿಲ್ಲ. ಅಲ್ಲಿಂದ ಬೆಳಕು ಬರಲು ಸುಮಾರು 250 ವರ್ಷ. ಇಂದು ಕಾಣುವ ಬೆಳಕು ಹೊರಟಾಗ ನಮ್ಮ ಜಿಲ್ಲೆ ಹೈದರಾಲಿಯ ಆಳ್ವಿಕೆಯಲ್ಲಿತ್ತು. 1837ರಲ್ಲಿ ಸುಳ್ಯದ ರೈತರು ಕಂಪೆನಿ ಸರಕಾರದ ವಿರುದ್ಧ ಎದ್ದು ಮಂಗಳೂರಿನವರೆಗೆ ಹೋದರಲ್ಲ, ಆ ಅಮರ ಸುಳ್ಯದ ದಂಗೆಯ ದಿನ ಹೊರಟ ಬೆಳಕು ಇನ್ನೂ ದಾರಿಯಲ್ಲಿದೆ. ಬಂದು ಮುಟ್ಟುವಾಗ 2087ರ ಸುಮಾರು. ಕಿಟಕಿಯ ಹುಡುಗ ಬೆರಳೆಣಿಸಿ, ಆಗ ತಾನು ಇರುತ್ತೇನೆ, ಆದರೆ ಅಜ್ಜ ಆಗಿರುತ್ತೇನೆ ಎಂದ.

ನಮ್ಮ ಶಾಲೆಯ ಮಾರ್ಗದರ್ಶಕ ಮಾಸ್ಟ್ರಿಗೆ ಘಟಕ ಮುಗಿಯುವ ಚಿಂತೆ ಇತ್ತು, ಅದು ಸಹಜ. ಪಾಠ ಮುಗಿಸಿ ಮುಂದಿನ ಘಟಕಕ್ಕೆ ಹೋದೆವು. ಚಿತ್ತೆಯ ಪುಟ ಮಾತ್ರ ಬೆಳಗಿನ ಪ್ರಾರ್ಥನೆಯ ಮೊದಲಿನ ಹತ್ತು ನಿಮಿಷದಲ್ಲಿ ಮುಂದುವರಿಯಿತು. ಅಂಕ ಕೊಡುವ ಕಲಿಕಾ ಫಲಗಳ ಪಟ್ಟಿಯಲ್ಲಿ ಅದಕ್ಕೆ ಜಾಗವಿರಲಿಲ್ಲ. ಪಟ್ಟಿಯಲ್ಲಿರುವ 'ವೀಕ್ಷಿಸುವರು', 'ದಾಖಲಿಸುವರು', 'ತೀರ್ಮಾನಿಸುವರು' ಎಂಬ ಕ್ರಿಯಾಪದಗಳೆಲ್ಲ ಆ ಹತ್ತು ನಿಮಿಷದಲ್ಲೇ ನಡೆಯುತ್ತಿದ್ದವು ಎಂಬುದು ನನಗೆ ಆಗಾಗ ನಗು ತರಿಸುತ್ತಿತ್ತು. ಪುತ್ತೂರಿನ ಬಾಲವನದಲ್ಲಿ ಕುಳಿತು ಶಿವರಾಮ ಕಾರಂತರು ಕನ್ನಡದ ಮಕ್ಕಳಿಗೆ 'ಬಾಲ ಪ್ರಪಂಚ' ಬರೆಯುವಾಗ ಯಾವ ಕಲಿಕಾ ಫಲದ ಪಟ್ಟಿಯೂ ಅವರ ಮುಂದೆ ಇದ್ದಿರಲಾರದು.

ಜನವರಿಯಲ್ಲಿ ಒಂದು ಲೆಕ್ಕ ಕೊಟ್ಟೆ. ದಿನಕ್ಕೆ ನಾಲ್ಕು ನಿಮಿಷದಂತೆ ಹಿಂದೆ ಬರುತ್ತ ಹೋದರೆ, ಏಪ್ರಿಲ್ 14ಕ್ಕೆ ಚಿತ್ತೆ ಎಷ್ಟು ಗಂಟೆಗೆ ಗುಡ್ಡದ ಮೇಲೆ ಬರುತ್ತದೆ? ನವೆಂಬರ್ 15ರಿಂದ ಆ ದಿನಕ್ಕೆ ಸರಿಯಾಗಿ 150 ದಿನ, ಅಂದರೆ 600 ನಿಮಿಷ, ಹತ್ತು ಗಂಟೆ. ಬೆಳಗಿನ 5 ಗಂಟೆ 5 ನಿಮಿಷದಿಂದ ಹತ್ತು ಗಂಟೆ ಹಿಂದಕ್ಕೆ: ಸಂಜೆ 7 ಗಂಟೆ 5 ನಿಮಿಷ. ಸರಿಯಾದ ಬೆಲೆ ನಾಲ್ಕು ನಿಮಿಷಕ್ಕೆ ನಾಲ್ಕು ಸೆಕೆಂಡು ಕಡಿಮೆ ಎಂದು ತಿಳಿಸಿದ ಮೇಲೆ ಅದನ್ನು ಏಳೂಕಾಲು ಎಂದು ತಿದ್ದಿದರು. ಗುಡ್ಡ ಇಲ್ಲದಿದ್ದರೆ ಇನ್ನೂ ಬೇಗ, ಹೆಚ್ಚು ಕಡಿಮೆ ಸೂರ್ಯ ಮುಳುಗುವ ಹೊತ್ತಿಗೇ. ಅದು ಬಿಸುವಿನ ದಿನ ಎಂದು ಗಮನಿಸಿದ್ದು ಆ ತಮಿಳು ಮನೆಯ ಹುಡುಗಿ. ಸೂರ್ಯ ಮೇಷಕ್ಕೆ ಬರುವ ದಿನ. ಮೇಷದ ಆರಂಭಕ್ಕೆ ಸರೀ ಎದುರು ಚಿತ್ತೆ. ಸಾಹಾ ಸಮಿತಿಯ ಮಾತು ಆಗ ಅವರಿಗೆ ಅರ್ಥವಾಯಿತು, ನಾನು ಎರಡನೆಯ ಸಲ ಹೇಳಬೇಕಾಗಲಿಲ್ಲ. ಆ ದಿನ ಬೆಳಗ್ಗೆ ನಾವು ಕಣಿ ನೋಡುವ ಹೊತ್ತಿಗೆ ಚಿತ್ತೆ ಪಡುವಣದಲ್ಲಿ ಇಳಿಯುತ್ತಿರುತ್ತದೆ, ಸಂಜೆ ಸೂರ್ಯ ಇಳಿಯುವಾಗ ಮೂಡಣದಲ್ಲಿ ಏಳುತ್ತದೆ, ರಾತ್ರಿಯಿಡೀ ಇರುತ್ತದೆ. ಪುತ್ತೂರು ಜಾತ್ರೆಯ ರಾತ್ರಿಗಳಲ್ಲಿ ದೇವರಮಾರು ಗದ್ದೆಯಲ್ಲಿ ನಿಂತು ಸುಡುಮದ್ದು ನೋಡುವ ಸಾವಿರಾರು ತಲೆಗಳ ಮೇಲೆಯೂ ಅದು ಇರುತ್ತದೆ.

ವಿಷು ಎಂದರೆ ಹಗಲೂ ಇರುಳೂ ಸಮ ಎಂದು ಅರ್ಥವಲ್ಲವೇ, ಸಮ ಇರುವುದು ಮಾರ್ಚ್ 21ರ ಸುಮಾರಿಗೆ ಎಂದು ಪುಸ್ತಕದಲ್ಲಿ ಉಂಟಲ್ಲ ಎಂದು ಒಬ್ಬ ಕೇಳಿದ. ಗ್ರೀಕ್ ಖಗೋಳಜ್ಞ ಹಿಪ್ಪಾರ್ಕಸ್ ಸುಮಾರು 2,150 ವರ್ಷಗಳ ಹಿಂದೆ ಇದೇ ಚಿತ್ತೆಯ ಸ್ಥಾನವನ್ನು ತನಗಿಂತ ಒಂದೂವರೆ ಶತಮಾನ ಹಿಂದಿನ ಟಿಮೊಖಾರಿಸ್ ಅಳೆದದ್ದಕ್ಕೆ ಹೋಲಿಸಿ, ಎರಡು ಡಿಗ್ರಿ ಸರಿದಿರುವುದನ್ನು ಕಂಡ. ಭೂಮಿಯ ಅಕ್ಷವೂ ಬುಗುರಿಯ ಹಾಗೆ ಓಲಾಡುತ್ತದೆ. ಅದರಿಂದ 71-72 ವರ್ಷಕ್ಕೆ ಒಂದು ದಿನದಂತೆ ನಕ್ಷತ್ರದ ಲೆಕ್ಕವೂ ಋತುವಿನ ಲೆಕ್ಕವೂ ಬೇರೆಯಾಗುತ್ತ ಹೋಗುತ್ತವೆ. ಸುಮಾರು 1,700 ವರ್ಷಗಳ ಹಿಂದೆ ಎರಡೂ ಒಂದೇ ದಿನ ಇದ್ದವು, ಈಗ 24 ದಿನದ ಅಂತರ. ಹಾಗಾದರೆ ಚಿತ್ತೆ ಮಳೆಯೂ ಮುಂದೆ ಹೋಗುತ್ತದೆಯೇ? ಮಳೆ ಅದರ ಕಾಲಕ್ಕೆ ಬರುತ್ತದೆ, ಹೆಸರು ಜಾರುತ್ತದೆ. ಆ ವಾಕ್ಯವನ್ನು ಯಾವ ಅಂಕಣಕ್ಕೆ ಹಾಕಬೇಕೆಂದು ಈ ಸಲ ಯಾರೂ ಕೇಳಲಿಲ್ಲ, ನೇರ ಎರಡನೆಯದರಲ್ಲಿ ಬರೆದುಕೊಂಡರು.

ಇಂಟರ್ನ್‌ಶಿಪ್ ಮುಗಿದಿದೆ. ಬಿಸುವಿನ ದಿನ ಅವರಿಗೆ ಬೇಸಗೆ ರಜೆ. ಹೊರಡುವ ಮೊದಲು ಒಂದು ಹಾಳೆ ಎಲ್ಲರಿಗೂ ಕೊಟ್ಟು ಬಂದಿದ್ದೇನೆ: ಮನೆಯ ಮೂಡು ಕಡೆಯ ಗುಡ್ಡವನ್ನೋ ತೋಟವನ್ನೋ ಮುಷ್ಟಿಯಲ್ಲಿ ಅಳೆದು, ಚಿತ್ತೆ ಎಷ್ಟು ಗಂಟೆಗೆ ಕಾಣಬೇಕೆಂದು ಮೊದಲೇ ಬರೆದಿಡುವುದು, ಕಂಡ ಸಮಯವನ್ನು ಆಮೇಲೆ ಪಕ್ಕದಲ್ಲಿ ಬರೆಯುವುದು. ಆ ಹುಡುಗಿ ತನ್ನದನ್ನು ಬರೆದು ಮುಗಿಸಿ, ನಿಮ್ಮ ಮನೆಯ ಗುಡ್ಡ ಎಷ್ಟು ಮುಷ್ಟಿ ಎಂದು ನನ್ನನ್ನು ಕೇಳಿದಳು. ಸುಳ್ಯದಲ್ಲಿ ನಮ್ಮ ಅಂಗಳದಿಂದ ಒಂದೂವರೆ, ಅವಳದ್ದು ಒಂದು. ಒಂದು ಮುಷ್ಟಿಗೆ 40 ನಿಮಿಷ ಎಂದು ಲೆಕ್ಕ ಹಾಕಿ, ನನ್ನ ಹಾಳೆಯಲ್ಲಿ ಅವಳೇ ಬರೆದಳು: ಟೀಚರಿಗೆ 20 ನಿಮಿಷ ತಡ.